ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್: ಪದೇ ಪದೇ ಕೆಡುವುದೆಲ್ಲಿ, ಅದನ್ನು ಯಾವ ಹಂತದಲ್ಲಿ ತಡೆಯಬೇಕು

ಸ್ಕ್ರೀನ್ ಪ್ರಿಂಟಿಂಗ್ ಎಂದರೆ ಚೌಕಟ್ಟಿಗೆ ಬಿಗಿದ ಜಾಲರಿಯ (ಮೆಶ್) ತೆರೆದ ಕಣ್ಣುಗಳ ಮೂಲಕ ಬಣ್ಣವನ್ನು ಬಟ್ಟೆಗೆ ಇಳಿಸುವುದು. ಚಿತ್ರವಿಲ್ಲದ ಕಡೆ ಆ ಕಣ್ಣುಗಳನ್ನು ಎಮಲ್ಷನ್ ಎಂಬ, ಬೆಳಕಿಗೆ ಗಟ್ಟಿಯಾಗುವ ಲೇಪ ಮುಚ್ಚಿರುತ್ತದೆ. ಬಟ್ಟೆಯ ಮೇಲೆ ಅಚ್ಚು ಕಲಸಿಹೋದರೆ ಹೆಚ್ಚಿನವರು ಮೊದಲು ದೂರುವುದು ಬಣ್ಣದ ಡಬ್ಬಿಯನ್ನು. ಹೊಸ ಡಬ್ಬಿ ತರುತ್ತಾರೆ, ಅದೂ ಕಲಸಿಹೋಗುತ್ತದೆ. ಈ ಕೆಲಸದಲ್ಲಿ ತಪ್ಪು ಕಾಣಿಸುವ ಜಾಗ ಒಂದು, ತಪ್ಪು ನಡೆದ ಜಾಗ ಇನ್ನೊಂದು. ತೊಳೆಯುವಾಗ ಎಮಲ್ಷನ್ ಕಿತ್ತುಬಂದರೆ ಹಿಂದಿನ ರಾತ್ರಿ ಅದು ಪೂರ್ತಿ ಒಣಗಿರಲಿಲ್ಲ ಎಂದು ಅನುಮಾನಿಸಬೇಕು. ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಬಂದರೆ ಮೆಶ್ ಆರಿಸಿದ ದಿನವೇ ಎಡವಿದ್ದೀರಿ. ಹಾಗಾಗಿ ಇಲ್ಲಿ ಹಂತಗಳ ಜೊತೆಗೆ, ಮುಂದಕ್ಕೆ ಹೋಗಬಹುದೋ ಇಲ್ಲವೋ ಎಂದು ಹೇಳುವ ಗುರುತುಗಳನ್ನೂ ಕೊಟ್ಟಿದೆ. ಗುರುತು ಸಿಗದಿದ್ದರೆ ಅಲ್ಲೇ ನಿಲ್ಲಿ.

ಕೆಳಗಿನ ಅಳತೆಗಳು ಒಂದೇ ಬಣ್ಣದ ಚಿತ್ರ, ಹತ್ತಿ ಬಟ್ಟೆ, ನೀರು ಆಧಾರಿತ ಬಣ್ಣ ಮತ್ತು ಡಯಾಜೊ (ಬೆಳಕಿಗೆ ಸ್ಪಂದಿಸುವ ಪುಡಿ) ಬೆರೆಸುವ ಎಮಲ್ಷನ್‌ಗೆ ಹೊಂದುವಂಥವು. ಎರಡು ಬಣ್ಣದ ಚಿತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಬಣ್ಣ ಹತ್ತು ಸಲ ಒಂದೇ ಥರ ಬರುವವರೆಗೆ ಎರಡನೆಯದು ಬರೀ ತಲೆನೋವು.

## ಶುರು ಮಾಡುವ ಮುನ್ನ ಕೈಗೆಟುಕುವಂತೆ ಇರಬೇಕಾದವು

ಮೆಶ್ ಬಿಗಿದ ಚೌಕಟ್ಟು, ಎಮಲ್ಷನ್ ಹಚ್ಚುವ ತೊಟ್ಟಿಯಂಥ ಸ್ಕೂಪ್ ಕೋಟರ್, ಬಣ್ಣ ಎಳೆಯುವ ರಬ್ಬರ್ ಅಂಚಿನ ಸ್ಕ್ವೀಜಿ, ಎಮಲ್ಷನ್, ಚಿತ್ರವನ್ನು ಕಪ್ಪಿನಲ್ಲಿ ಮುದ್ರಿಸುವ ಪಾರದರ್ಶಕ ಫಿಲ್ಮ್, ಚಿತ್ರಕ್ಕಿಂತ ದೊಡ್ಡದಾದ ದಪ್ಪ ಗಾಜು, ಕಪ್ಪು ಫೋಮ್ ಅಥವಾ ಕಪ್ಪು ಬಟ್ಟೆ, ಯುವಿ (ನೇರಳಾತೀತ) ದೀಪ, ಹಳದಿ ಬಲ್ಬು, ಸ್ಕ್ರೀನನ್ನು ಹಲಗೆಗೆ ಹಿಡಿಸಿ ಎತ್ತಿ ಇಳಿಸಲು ಹಿಂಜ್ ಕ್ಲ್ಯಾಂಪ್ ಒಂದು ಜೊತೆ, ಅಗಲದ ಪ್ಯಾಕಿಂಗ್ ಟೇಪು, ಕೈಗವಸು, ಗಡಿಯಾರ. ಬಟ್ಟೆಯನ್ನು ಹಲಗೆಗೆ ಅಂಟಿಸಲು ತಾತ್ಕಾಲಿಕ ಗೋಂದು ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಜೊತೆಗೆ ಒಂದು ನೋಟ್‌ಬುಕ್. ದೀಪದ ದೂರ, ಸಮಯ, ಮೆಶ್, ಎಷ್ಟು ಕೋಟ್ ಹಚ್ಚಿದಿರಿ ಎಂಬುದನ್ನು ಬರೆದಿಡದಿದ್ದರೆ ಇವತ್ತು ಸರಿಯಾಗಿ ಬಂದದ್ದು ಮುಂದಿನ ವಾರ ಏಕೆ ಬರಲಿಲ್ಲ ಎಂದು ಯಾರೂ ಹೇಳಲಾರರು.

ಸ್ಕ್ರೀನಿಗೆ ಎರಡು ಮೈ. ಬಟ್ಟೆಗೆ ತಾಗುವ ಚಪ್ಪಟೆ ಬದಿಯನ್ನು ಇಲ್ಲಿ ಹೊರಮೈ ಎಂದೂ, ಬಣ್ಣ ಸುರಿಯುವ ತೊಟ್ಟಿಯಂಥ ಬದಿಯನ್ನು ಒಳಮೈ ಎಂದೂ ಕರೆದಿದೆ.

## ಹಂತ 1: ಚಿತ್ರಕ್ಕೆ ತಕ್ಕ ಮೆಶ್, ಚಿತ್ರಕ್ಕಿಂತ ದೊಡ್ಡ ಚೌಕಟ್ಟು

ಮೆಶ್ ಕೊಳ್ಳುವಾಗಲೇ ಒಂದು ಹಳ್ಳವಿದೆ. ಎಳೆಗಳನ್ನು ಕೆಲವರು ಇಂಚಿಗೆ ಎಣಿಸುತ್ತಾರೆ, ಕೆಲವರು ಸೆಂಟಿಮೀಟರಿಗೆ. ಇಂಚಿಗೆ 110 ಎಂದರೆ ಸೆಂಟಿಮೀಟರಿಗೆ ಸುಮಾರು 43. ಆದರೆ ಸೆಂಟಿಮೀಟರಿಗೆ 120 ಎಂದರೆ ಇಂಚಿಗೆ ಸುಮಾರು 305 ಎಳೆ, ಅಂದರೆ ಕಾಗದದ ಮೇಲಿನ ನವುರಾದ ಕೆಲಸಕ್ಕೆ ಬಳಸುವ ಬಲು ಸಣ್ಣ ಕಣ್ಣಿನ ಮೆಶ್. ‘120’ ಎಂಬ ಸಂಖ್ಯೆ ನೋಡಿ ತಂದವರು ಬಟ್ಟೆಯ ಬಣ್ಣ ಕೆಳಗಿಳಿಯುವುದೇ ಇಲ್ಲ ಎಂದು ಒದ್ದಾಡುವುದು ಇದಕ್ಕೇ. ಯಾವ ಲೆಕ್ಕ ಎಂದು ಕೇಳಿಯೇ ಕೊಳ್ಳಿ.

ಬಟ್ಟೆಯ ಮೇಲೆ ದಪ್ಪ ಅಕ್ಷರ, ತುಂಬಿದ ಆಕಾರಗಳಿಗೆ ಇಂಚಿಗೆ 110. ಸಾಧಾರಣ ಗೆರೆ ಇರುವ ಚಿತ್ರಕ್ಕೆ 156 ಅಥವಾ 160. ತೆಳು ಗೆರೆ, ಚುಕ್ಕಿಗಳಿದ್ದರೆ 200ರಿಂದ 230. ಮೊದಲ ಸ್ಕ್ರೀನ್ 160 ಆಗಿರಲಿ, ಅದರಲ್ಲಿ ಹೆಚ್ಚಿನ ಕೆಲಸ ನಡೆಯುತ್ತದೆ. ಮೊದಲ ಚಿತ್ರದಲ್ಲಿ 1 ಮಿಲಿಮೀಟರಿಗಿಂತ ತೆಳುವಾದ ಗೆರೆ ಇಡಬೇಡಿ.

ಚೌಕಟ್ಟಿನ ಒಳ ಅಳತೆ ಚಿತ್ರಕ್ಕಿಂತ ನಾಲ್ಕೂ ಕಡೆ ಸುಮಾರು 10 ಸೆಂಟಿಮೀಟರ್ ಹೆಚ್ಚಿರಬೇಕು. ಚೌಕಟ್ಟಿನ ಹತ್ತಿರ ಮೆಶ್ ಬಗ್ಗುವುದಿಲ್ಲ, ಅಲ್ಲಿಗೆ ಬಂದಾಗ ಸ್ಕ್ವೀಜಿಯ ಒತ್ತಡ ಏರುಪೇರಾಗುತ್ತದೆ. ಚಿತ್ರದ ನಡುಭಾಗ ಚೆನ್ನಾಗಿ ಮೂಡಿ ಅಂಚು ಮಾತ್ರ ಮಸುಕಾದರೆ ಚೌಕಟ್ಟು ಚಿಕ್ಕದಾಯಿತು ಎಂದೇ ಅರ್ಥ. ಮೆಶ್ ಸಡಿಲವಿದ್ದರೂ ಕೆಲಸ ಕೆಡುತ್ತದೆ. ಬೆರಳಿನಿಂದ ತಟ್ಟಿದರೆ ಚರ್ಮವಾದ್ಯದ ಹಾಗೆ ಸದ್ದು ಬರಬೇಕು, ಸದ್ದೇ ಇಲ್ಲದೆ ತಗ್ಗಿದರೆ ಮತ್ತೆ ಬಿಗಿಯಿರಿ.

## ಹಂತ 2: ಬೆಳಕು ನುಸುಳದ ಫಿಲ್ಮ್

ಫಿಲ್ಮಿನ ಕಪ್ಪು ಭಾಗ ಬೆಳಕನ್ನು ಪೂರ್ತಿ ತಡೆಯಬೇಕು. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ, ಬೀಳದಲ್ಲಿ ನೀರಿಗೆ ಬಿಟ್ಟುಕೊಡುತ್ತದೆ. ಇಷ್ಟೇ ಇದರ ತತ್ತ್ವ. ಲೇಸರ್ ಪ್ರಿಂಟರಿನ ಕಪ್ಪು ಕಣ್ಣಿಗೆ ಗಾಢವಾಗಿ ಕಂಡರೂ ದೀಪಕ್ಕೆ ಹಿಡಿದರೆ ಕಂದು ಬಣ್ಣದಲ್ಲಿ ಬೆಳಕು ನುಸುಳುತ್ತಿರುತ್ತದೆ. ಹಾಗಿದ್ದರೆ ಎರಡು ಪ್ರತಿ ತೆಗೆದು, ಕೂದಲೆಳೆಯಷ್ಟೂ ಸರಿಯದಂತೆ ಒಂದರ ಮೇಲೊಂದು ಜೋಡಿಸಿ ಟೇಪು ಹಚ್ಚಿ. ಸೂಜಿಮೊನೆಯಂಥ ತೂತುಗಳಿದ್ದರೆ ಅಪಾರದರ್ಶಕ ಮಾರ್ಕರಿನಿಂದ ಮುಚ್ಚಿ.

ಚಿತ್ರವನ್ನು ತಿರುಗಿಸಿ ಮುದ್ರಿಸಬೇಕೇ ಎಂಬ ಗೊಂದಲ ಎಲ್ಲರಿಗೂ ಇದ್ದದ್ದೇ. ಬೇಡ. ನೇರವಾಗಿ ಓದಲು ಬರುವಂತೆ ಮುದ್ರಿಸಿ, ಕಪ್ಪು ಬಣ್ಣ ಇರುವ ಮೈಯನ್ನು ಸ್ಕ್ರೀನಿನ ಹೊರಮೈಗೆ ತಾಗಿಸಿ. ಹೊರಗಿನಿಂದ ನೋಡಿದರೆ ಅಕ್ಷರ ಉಲ್ಟಾ, ಒಳಮೈಯಿಂದ ನೋಡಿದರೆ ಸರಿ ಕಾಣಬೇಕು. ದೀಪ ಹಾಕುವ ಮುನ್ನ ಒಮ್ಮೆ ಓದಿ ನೋಡಿ.

## ಹಂತ 3: ಜಿಡ್ಡು ತೆಗೆಯುವುದು

ಹೊಸ ಮೆಶ್ ಸ್ವಚ್ಛವಾಗಿಯೇ ಇದೆ ಎಂದುಕೊಂಡು ಈ ಹಂತ ಬಿಡುವವರೇ ಹೆಚ್ಚು. ಬೆರಳಿನ ಎಣ್ಣೆ ಸಾಕು, ಎಮಲ್ಷನ್ ಅಲ್ಲಿ ಹಿಡಿಯದೆ ಮೀನಿನ ಕಣ್ಣಿನಂತೆ ಗುಂಡು ಗುಂಡಾಗಿ ಬಿಟ್ಟುಕೊಳ್ಳುತ್ತದೆ. ಮೆಶ್‌ಗೆಂದೇ ಬರುವ ಡಿಗ್ರೀಸರ್ ಅಥವಾ ಕೈಗೆ ಮೃದು ಎನ್ನುವ ಎಣ್ಣೆಯಂಶ ಸೇರಿಸದ ಪಾತ್ರೆ ತೊಳೆಯುವ ದ್ರವ ಹಾಕಿ, ಮೃದು ಬ್ರಷ್‌ನಿಂದ ಎರಡೂ ಮೈ ಉಜ್ಜಿ, ನೊರೆಯ ಸುಳಿವೂ ಉಳಿಯದಂತೆ ತೊಳೆಯಿರಿ. ನೀರು ಮೆಶ್ ಮೇಲೆ ಹನಿಹನಿಯಾಗಿ ಒಡೆಯದೆ ಒಂದೇ ಪೊರೆಯಾಗಿ ಹರಡಿದರೆ ಜಿಡ್ಡು ಹೋಗಿದೆ. ಆಮೇಲೆ ಮೆಶ್ ಮುಟ್ಟಬೇಡಿ, ಚೌಕಟ್ಟನ್ನಷ್ಟೇ ಹಿಡಿಯಿರಿ.

## ಹಂತ 4: ಎಮಲ್ಷನ್ ಹಚ್ಚುವುದು

ಡಯಾಜೊ ಪುಡಿಯನ್ನು ಬಾಟಲಿಯ ಮೇಲೆ ಬರೆದಷ್ಟು ನೀರಿನಲ್ಲಿ ಪೂರ್ತಿ ಕರಗಿಸಿ ಎಮಲ್ಷನ್‌ಗೆ ಸುರಿದು, ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ನಿಧಾನ ಕದಡಿ. ಒಂದೇ ಬಣ್ಣ ಬಂದ ಮೇಲೆ ಕೆಲವು ಗಂಟೆ ಕತ್ತಲಲ್ಲಿ ಬಿಡಿ, ಗುಳ್ಳೆಗಳು ಮೇಲೆ ಬಂದು ಒಡೆಯಲಿ. ಕಲಸಿದ ತಕ್ಷಣ ಹಚ್ಚಿದರೆ ಪ್ರತಿ ಗುಳ್ಳೆಯೂ ನಾಳೆ ಒಂದು ತೂತು. ಕಲಸಿದ ದಿನಾಂಕವನ್ನು ಮುಚ್ಚಳದ ಮೇಲೆ ಬರೆಯಿರಿ. ತಂಪಾದ ಕತ್ತಲೆ ಜಾಗದಲ್ಲಿ ಕೆಲವು ವಾರ ಬಾಳುತ್ತದೆ, ಫ್ರಿಜ್‌ನಲ್ಲಿ ಇನ್ನಷ್ಟು. ಹೆಪ್ಪುಗಟ್ಟಿದರೆ ಮಾತ್ರ ಕೆಲಸಕ್ಕೆ ಬಾರದು.

ಪುಡಿ ಬೆರೆಸಬೇಕಿಲ್ಲದ ಫೋಟೊಪಾಲಿಮರ್ ಎಮಲ್ಷನ್ ಸಲೀಸು ಎನಿಸಬಹುದು. ಆದರೆ ಅದು ಬೆಳಕಿಗೆ ಬಲು ಬೇಗ ಗಟ್ಟಿಯಾಗುತ್ತದೆ, ಕೆಲವೇ ಸೆಕೆಂಡು ಹೆಚ್ಚುಕಮ್ಮಿಯಾದರೂ ಕೆಡುತ್ತದೆ. ಡಯಾಜೊ ನಿಧಾನ, ತಪ್ಪನ್ನು ಸಹಿಸಿಕೊಳ್ಳುತ್ತದೆ. ಕಲಿಯುವ ಕೈಗೆ ಅದೇ ಲೇಸು. ಪೊಟ್ಯಾಸಿಯಂ ಅಥವಾ ಅಮೋನಿಯಂ ಬೈಕ್ರೊಮೇಟ್ ಬೆರೆಸುವ ಹಳೆಯ ದ್ರಾವಣಗಳನ್ನು ಅಗ್ಗವೆಂದು ಮನೆಗೆ ತರಬೇಡಿ. ಅವುಗಳಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಚರ್ಮವನ್ನೂ ಸುಡುತ್ತದೆ.

ಎಮಲ್ಷನ್ ಬಳಿದ ಕಡೆ ಹಳದಿ ಬಲ್ಬು ಮಾತ್ರ ಉರಿಯಲಿ, ಕಿಟಕಿಯ ಬೆಳಕು ಬೇಡ. ಸ್ಕ್ರೀನನ್ನು ಗೋಡೆಗೆ ಸ್ವಲ್ಪ ಓರೆಯಾಗಿ ನಿಲ್ಲಿಸಿ. ಸ್ಕೂಪ್ ಕೋಟರಿನ ಅಂಚನ್ನು ಮೆಶ್‌ನ ಬುಡಕ್ಕೆ ಒತ್ತಿ ಬಾಗಿಸಿ, ಎಮಲ್ಷನ್ ಉದ್ದಕ್ಕೂ ಮೆಶ್ ಮುಟ್ಟುವವರೆಗೆ ಒಂದು ಕ್ಷಣ ತಡೆಯಿರಿ. ಆಮೇಲೆ ಒಂದೇ ವೇಗದಲ್ಲಿ ಮೇಲಕ್ಕೆ ಎಳೆಯಿರಿ. ಮೇಲಿನ ಅಂಚಿನಲ್ಲಿ ಮೊದಲು ಕೋಟರನ್ನು ಹಿಂದಕ್ಕೆ ವಾಲಿಸಿ, ನಂತರ ಮೆಶ್‌ನಿಂದ ಬಿಡಿಸಿ. ಇಲ್ಲದಿದ್ದರೆ ಅಲ್ಲೊಂದು ದಪ್ಪ ಏಣು ಕೂರುತ್ತದೆ. ಮೊದಲು ಹೊರಮೈಗೆ ಒಂದು ಎಳೆತ, ಕೊನೆಗೆ ಒಳಮೈಗೆ ಒಂದು ಎಳೆತ. ಕೊನೆಯ ಎಳೆತ ಒಳಮೈಯಿಂದಲೇ ಆಗಬೇಕು, ಅದು ಎಮಲ್ಷನ್ನನ್ನು ಹೊರಮೈಗೆ ತಳ್ಳುತ್ತದೆ. ಅಚ್ಚಿನ ಅಂಚು ಚೂಪಾಗಿ ಬರುವುದು ಆ ಹೊರಗಿನ ಪದರದಿಂದ. ದಪ್ಪ ಹಚ್ಚಿದರೆ ಗಟ್ಟಿ ಎಂಬುದು ಭ್ರಮೆ. ದಪ್ಪ ಪದರದ ಒಳಭಾಗಕ್ಕೆ ಬೆಳಕು ತಲುಪುವುದು ಕಷ್ಟ, ಒಣಗುವುದು ಇನ್ನೂ ಕಷ್ಟ.

## ಹಂತ 5: ಒಣಗಿಸುವುದು

ಕೈಕೊಡುವ ಸ್ಕ್ರೀನುಗಳಲ್ಲಿ ಬಹುಪಾಲು ಕೆಡುವುದು ಇಲ್ಲೇ, ಆದರೆ ಅನುಮಾನ ಬರುವುದು ದೀಪದ ಮೇಲೆ. ಎಮಲ್ಷನ್ ಮೇಲ್ಮೈ ಬೇಗ ಒಣಗುತ್ತದೆ, ಒಳಗಿನ ತೇವ ಗಂಟೆಗಟ್ಟಲೆ ಉಳಿಯುತ್ತದೆ. ತೇವವಿದ್ದರೆ ಬೆಳಕು ಎಷ್ಟು ಹೊತ್ತು ಬಿದ್ದರೂ ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬೆಳಕು ಸಾಲಲಿಲ್ಲವೆಂದು ಸಮಯ ಹೆಚ್ಚಿಸುತ್ತಾ ಹೋದರೆ ಸಣ್ಣ ಗೆರೆಗಳು ಮುಚ್ಚಿಕೊಳ್ಳುತ್ತವೆ, ಎಮಲ್ಷನ್ ಮಾತ್ರ ಮೊದಲಿನ ಹಾಗೇ ಕಿತ್ತುಬರುತ್ತದೆ.

ಸ್ಕ್ರೀನನ್ನು ಹೊರಮೈ ಕೆಳಗೆ ಮಾಡಿ, ನಾಲ್ಕು ಮೂಲೆಗೆ ಆಸರೆ ಕೊಟ್ಟು, ಮಟ್ಟಸವಾಗಿ ಕತ್ತಲಲ್ಲಿ ಮಲಗಿಸಿ. ನಿಲ್ಲಿಸಿ ಒಣಗಿಸಿದರೆ ಎಮಲ್ಷನ್ ಕೆಳಗೆ ಇಳಿದು ಬುಡದಲ್ಲಿ ದಪ್ಪವಾಗುತ್ತದೆ. ಫ್ಯಾನ್ ಹಾಕಿ, ಧೂಳೆಬ್ಬಿಸಬೇಡಿ. ಬಿಸಿ ಗಾಳಿ ಹಾಯಿಸುವುದಾದರೆ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಹೇರ್ ಡ್ರೈಯರನ್ನು ಹತ್ತಿರ ಹಿಡಿದರೆ ಆ ಜಾಗ ಶಾಖಕ್ಕೇ ಗಟ್ಟಿಯಾಗಿ ಆಮೇಲೆ ಚಿತ್ರ ಬಿಡಿಸಿಕೊಳ್ಳುವುದೇ ಇಲ್ಲ. ಗಾಳಿಯಲ್ಲಿ ತೇವವಿರುವ ದಿನಗಳಲ್ಲಿ ಇಡೀ ರಾತ್ರಿ ಬಿಡಿ, ಅವಸರ ಬೇಡ.

ಒಣಗಿದ್ದು ತಿಳಿಯುವುದು ಹೇಗೆ? ಬೆರಳಿಗೆ ಅಂಟದಿದ್ದರೆ ಸಾಲದು. ಕೈಯ ಹಿಂಭಾಗವನ್ನು ಅಂಚಿನ ಬಳಿ ಮುಟ್ಟಿಸಿ, ತಣ್ಣಗೆ ಅನಿಸಿದರೆ ಇನ್ನೂ ನೀರು ಆರುತ್ತಿದೆ. ಇದಕ್ಕಿಂತ ನಂಬಬಹುದಾದದ್ದು ತಕ್ಕಡಿ. ಚಿಕ್ಕ ಸ್ಕ್ರೀನನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳಿ. ಅರ್ಧ ಗಂಟೆ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ. ಒಣಗಿದ ಎಮಲ್ಷನ್ ಹಸಿಯದಕ್ಕಿಂತ ಬೆಳಕಿಗೆ ಚುರುಕು, ಈಗಿನಿಂದ ಹೆಚ್ಚು ಎಚ್ಚರ ಬೇಕು.

## ಹಂತ 6: ಬೆಳಕಿಗೆ ಒಡ್ಡುವುದು

ಜೋಡಣೆ ಕೆಳಗಿನಿಂದ ಮೇಲಕ್ಕೆ ಹೀಗಿರಲಿ: ಒಳಮೈಯ ತೊಟ್ಟಿಯೊಳಗೆ ತುಂಬುವ ಕಪ್ಪು ಫೋಮ್, ಸ್ಕ್ರೀನ್, ಫಿಲ್ಮ್, ಗಾಜು. ಗಾಜಿನ ಭಾರಕ್ಕೆ ಫಿಲ್ಮ್ ಎಮಲ್ಷನ್‌ಗೆ ಎಲ್ಲೂ ಸಂದು ಬಿಡದಂತೆ ಅಂಟಿಕೊಳ್ಳಬೇಕು. ಕಾಗದದಷ್ಟು ಸಂದು ಇದ್ದರೂ ಬೆಳಕು ಓರೆಯಾಗಿ ಒಳನುಗ್ಗಿ ತೆಳು ಗೆರೆಯನ್ನು ತಿಂದುಬಿಡುತ್ತದೆ. ಯುವಿ ಸೋಸುವ ಗಾಜು, ಬಣ್ಣದ ಗಾಜು ಬೇಡ.

ದೀಪಕ್ಕೂ ಸ್ಕ್ರೀನಿಗೂ ನಡುವಿನ ದೂರ ಚಿತ್ರದ ಕರ್ಣದಷ್ಟಾದರೂ ಇರಲಿ. ಹತ್ತಿರವಾದರೆ ನಡುವೆ ಬೆಳಕು ಹೆಚ್ಚು, ಮೂಲೆಯಲ್ಲಿ ಕಮ್ಮಿ. ದೂರ ಎರಡು ಪಟ್ಟಾದರೆ ಸಮಯ ಹೆಚ್ಚೂಕಡಿಮೆ ನಾಲ್ಕು ಪಟ್ಟಾಗುತ್ತದೆ. ಇದು ತಿಳಿಯದೆ ಸ್ಟ್ಯಾಂಡ್ ಸ್ವಲ್ಪ ಎತ್ತರಿಸಿ ಹಳೇ ಸಮಯವನ್ನೇ ಇಟ್ಟುಕೊಂಡು ಕೆಡಿಸಿಕೊಳ್ಳುವವರಿದ್ದಾರೆ. ಬಿಸಿಲಿನಲ್ಲೂ ಆಗುತ್ತದೆ, ಆದರೆ ಮೋಡ, ಹೊತ್ತು, ಋತು ಎಲ್ಲ ಲೆಕ್ಕ ತಪ್ಪಿಸುತ್ತವೆ. ಯುವಿ ದೀಪವನ್ನು ನೇರ ನೋಡಬೇಡಿ.

ಬೇರೆಯವರು ಹೇಳಿದ ಸಮಯ ನಿಮ್ಮ ದೀಪಕ್ಕೆ ಹೊಂದುವುದಿಲ್ಲ. ನಿಮ್ಮದೇ ಸಮಯ ಕಂಡುಕೊಳ್ಳಲು ಒಂದು ಸ್ಕ್ರೀನ್ ಖರ್ಚು ಮಾಡಿ. ತೆಳು, ದಪ್ಪ ಗೆರೆಗಳಿರುವ ಫಿಲ್ಮ್ ಇಟ್ಟು ಇಡೀ ಸ್ಕ್ರೀನಿಗೆ 2 ನಿಮಿಷ ಬೆಳಕು ಕೊಡಿ. ಐದನೇ ಒಂದು ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ ಮತ್ತೆ 2 ನಿಮಿಷ. ರಟ್ಟನ್ನು ಹೀಗೇ ಸರಿಸುತ್ತಾ ಹೋದರೆ 2, 4, 6, 8, 10 ನಿಮಿಷದ ಐದು ಪಟ್ಟಿಗಳು ಸಿಗುತ್ತವೆ. ತೊಳೆದು ಒಣಗಿಸಿ ನೋಡಿ. ಕಮ್ಮಿ ಬೆಳಕು ಬಿದ್ದ ಪಟ್ಟಿಯ ಒಳಮೈ ತೊಳೆಯುವಾಗ ಲೋಳೆಲೋಳೆಯಾಗಿರುತ್ತದೆ, ಬೆರಳಿಗೆ ಬಣ್ಣ ಹತ್ತುತ್ತದೆ. ಡಯಾಜೊದ ಇನ್ನೊಂದು ಉಪಕಾರವೆಂದರೆ ಅದರ ಬಣ್ಣ. ಬೆಳಕು ಬಿದ್ದಷ್ಟೂ ಹಳದಿ ಛಾಯೆ ಕಳೆಯುತ್ತಾ ಹೋಗಿ ಒಂದು ಪಟ್ಟಿಯಿಂದಾಚೆ ಬದಲಾಗುವುದೇ ಇಲ್ಲ. ಬಣ್ಣ ನಿಂತ ಆ ಮೊದಲ ಪಟ್ಟಿಯೇ ನಿಮ್ಮ ಸಮಯ. ಐದೂ ಲೋಳೆಯಾದರೆ 5 ನಿಮಿಷದ ಮೆಟ್ಟಿಲಿನಲ್ಲಿ ಮತ್ತೆ ಮಾಡಿ. ಮೊದಲ ಪಟ್ಟಿಯೇ ಗಟ್ಟಿಯಾಗಿದ್ದರೆ 20 ಸೆಕೆಂಡಿನ ಮೆಟ್ಟಿಲು ಸಾಕು.

ಎಮಲ್ಷನ್ ಗಟ್ಟಿಯಾಗುವ ಮೊದಲೇ ತೆಳು ಗೆರೆ ಮುಚ್ಚಿಕೊಂಡರೆ ಸಮಯ ಕಮ್ಮಿ ಮಾಡಬೇಡಿ. ಅದು ಫಿಲ್ಮಿನ ಕಪ್ಪು ಸಾಲದಿರುವ ಅಥವಾ ಗಾಜು ಒತ್ತದಿರುವ ಲಕ್ಷಣ.

## ಹಂತ 7: ತೊಳೆದು ಚಿತ್ರ ಬಿಡಿಸುವುದು

ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಿಂದ ಎರಡೂ ಮೈ ನೆನೆಸಿ 1–2 ನಿಮಿಷ ಸುಮ್ಮನೆ ಬಿಡಿ. ಚಿತ್ರದ ಗೆರೆಗಳು ತಿಳಿ ಬಣ್ಣದಲ್ಲಿ ಎದ್ದು ಕಾಣತೊಡಗುತ್ತವೆ. ಆಮೇಲೆ ಹೊರಮೈಯಿಂದ ಹದವಾದ ಧಾರೆ ಹಾಯಿಸಿ. ಉಗುರು, ಬ್ರಷ್ ಹಾಕಿ ಕೆರೆಯಬೇಡಿ. ಕೊನೆಗೆ ಒಳಮೈಯನ್ನು ಮೆಲ್ಲಗೆ ತೊಳೆದು, ಬೆಳಕಿಗೆ ಹಿಡಿದು ನೋಡಿ. ತೆರೆದ ಜಾಗದಲ್ಲಿ ಮೆಶ್‌ನ ಪ್ರತಿ ಕಣ್ಣೂ ಸ್ವಚ್ಛವಿರಬೇಕು. ಸೋಪಿನ ಪೊರೆಯಂಥ ಮಂಜು ಕಂಡರೆ ಅದು ಇಳಿದು ಬಂದ ಎಮಲ್ಷನ್. ಈಗ ತೊಳೆಯದಿದ್ದರೆ ಒಣಗಿ ಅಲ್ಲೇ ಮುಚ್ಚಿಕೊಳ್ಳುತ್ತದೆ, ಅಚ್ಚಿನಲ್ಲಿ ಆ ಜಾಗ ಖಾಲಿ ಬೀಳುತ್ತದೆ.

ಹಳೇ ಪತ್ರಿಕೆಯಿಂದ ಒತ್ತಿ ನೀರು ತೆಗೆದು, ಪೂರ್ತಿ ಒಣಗಿಸಿ, ಫಿಲ್ಮ್ ಇಲ್ಲದೆ ಇನ್ನೊಮ್ಮೆ ಅಷ್ಟೇ ಹೊತ್ತು ಬೆಳಕಿಗಿಡಿ. ನೀರು ಆಧಾರಿತ ಬಣ್ಣ ಎಮಲ್ಷನ್ನನ್ನು ಮೆತ್ತಗೆ ಮಾಡುತ್ತದೆ, ಈ ಎರಡನೇ ಬೆಳಕು ಅದಕ್ಕೆ ತಕ್ಕ ಗಟ್ಟಿತನ ಕೊಡುತ್ತದೆ. ಎಮಲ್ಷನ್ ಕೊಳ್ಳುವಾಗಲೂ ನೀರು ತಡೆಯುವ ಬಗೆಯದನ್ನೇ ಕೇಳಿ. ಬೇಡದ ತೂತುಗಳನ್ನು ಹೊರಮೈಯಿಂದ ಟೇಪಿನ ತುಣುಕಿನಿಂದ ಮುಚ್ಚಿ, ಒಳಮೈಯಲ್ಲಿ ಮೆಶ್ ಮತ್ತು ಚೌಕಟ್ಟು ಸೇರುವ ಮೂಲೆಗಳಿಗೂ ಟೇಪು ಹಚ್ಚಿ.

## ಹಂತ 8: ಅಚ್ಚು ಹಾಕುವುದು

ಬಟ್ಟೆಯನ್ನು ಮೊದಲೇ ಒಗೆದು ಗಂಜಿ ತೆಗೆದಿರಬೇಕು. ಹಲಗೆಗೆ ತೆಳುವಾಗಿ ಗೋಂದು ಹಚ್ಚಿ ಬಟ್ಟೆಯನ್ನು ಸುಕ್ಕಿಲ್ಲದೆ ಕೂರಿಸಿ. ಸ್ಕ್ರೀನನ್ನು ಹಿಂಜಿಗೆ ಸಿಕ್ಕಿಸಿ, ಮೆಶ್ ಬಟ್ಟೆಯನ್ನು ಮುಟ್ಟದಂತೆ ಸುಮಾರು 3 ಮಿಲಿಮೀಟರ್ ಎತ್ತರಿಸಿ. ಚೌಕಟ್ಟಿನ ಕೆಳಗೆ ನಾಣ್ಯಗಳನ್ನು ಅಂಟಿಸಿದರೂ ನಡೆಯುತ್ತದೆ. ಸ್ಕ್ವೀಜಿ ಒತ್ತಿದ ಗೆರೆಯಲ್ಲಿ ಮಾತ್ರ ಮೆಶ್ ಬಟ್ಟೆಗೆ ತಾಗಿ ಮರುಕ್ಷಣವೇ ಮೇಲೆದ್ದುಬಿಡಬೇಕು, ಈ ಅಂತರ ಇರುವುದು ಅದಕ್ಕೇ. ಅಂತರವಿಲ್ಲದಿದ್ದರೆ ಮೆಶ್ ಒದ್ದೆ ಬಣ್ಣಕ್ಕೆ ಅಂಟಿಕೊಂಡು, ಎತ್ತುವಾಗ ಅಂಚು ಕಲಸುತ್ತದೆ. ಡಬ್ಬಿಯನ್ನು ದೂರುವವರ ತೊಂದರೆ ಮುಕ್ಕಾಲು ಪಾಲು ಇಷ್ಟೇ.

ಸ್ಕ್ವೀಜಿಯ ರಬ್ಬರ್ ಶೋರ್ ಎ ಅಳತೆಯಲ್ಲಿ 65–70 ಗಡಸು ಇರಲಿ, ಚಿತ್ರಕ್ಕಿಂತ ಎರಡೂ ಕಡೆ 2–3 ಸೆಂಟಿಮೀಟರ್ ಅಗಲವಿರಲಿ, ಅಂಚು ಚೂಪಾಗಿರಲಿ. ಬಣ್ಣವನ್ನು ಚಮಚದಲ್ಲಿ ಎತ್ತಿದರೆ ಗಟ್ಟಿಯಾಗಿ ನಿಧಾನ ಜಾರಬೇಕು, ನೀರಿನಂತೆ ಸುರಿಯಬಾರದು.

ಮೊದಲು ಬಣ್ಣ ತುಂಬುವ ಎಳೆತ: ಚಿತ್ರದ ಒಂದು ತುದಿಯಲ್ಲಿ ಹೆಬ್ಬೆರಳ ದಪ್ಪದ ಸಾಲಾಗಿ ಬಣ್ಣ ಹಾಕಿ, ಸ್ಕ್ರೀನನ್ನು ಬಟ್ಟೆಯಿಂದ ಎತ್ತಿ ಹಿಡಿದು, ಒತ್ತಡವಿಲ್ಲದೆ ಸ್ಕ್ವೀಜಿ ಎಳೆಯಿರಿ. ಕಣ್ಣುಗಳು ಬಣ್ಣದಿಂದ ತುಂಬುತ್ತವೆ. ಸ್ಕ್ರೀನ್ ಕೆಳಗಿಳಿಸಿ, ಸ್ಕ್ವೀಜಿಯನ್ನು ಸುಮಾರು 75 ಡಿಗ್ರಿ ಕೋನದಲ್ಲಿ ಹಿಡಿದು, ಈಗ ಒತ್ತಿ ಎಳೆಯಿರಿ. ತೀರಾ ಮಲಗಿಸಿದರೆ ಬಣ್ಣ ಅತಿಯಾಗಿ ಇಳಿಯುತ್ತದೆ. ಸರಿಯಾದ ಎಳೆತದ ಗುರುತು ಕಣ್ಣಿಗೂ ಕಿವಿಗೂ ಸಿಗುತ್ತದೆ: ಸ್ಕ್ವೀಜಿಯ ಹಿಂದೆಯೇ ಮೆಶ್ ಸರ್ರನೆ ಬಿಟ್ಟುಕೊಳ್ಳುವ ಸಣ್ಣ ಸದ್ದು, ಹಾದುಹೋದ ಜಾಗದಲ್ಲಿ ಒಳಮೈ ಒರೆಸಿದಂತೆ ಸ್ವಚ್ಛ. ಒಳಮೈಯಲ್ಲಿ ಬಣ್ಣದ ಪೊರೆ ಉಳಿದರೆ ಒತ್ತಡ ಸಾಲದು. ಹೊರಮೈಗೆ ಬಣ್ಣ ಮೆತ್ತಿಕೊಂಡರೆ ಒತ್ತಡ ಹೆಚ್ಚು, ಇಲ್ಲವೇ ಬಣ್ಣ ತೆಳು. ತಕ್ಷಣ ಮತ್ತೆ ಬಣ್ಣ ತುಂಬಿ, ಆಮೇಲೆ ಬಟ್ಟೆ ತೆಗೆಯಿರಿ. ಖಾಲಿ ಮೆಶ್ ನಿಮಿಷಗಳಲ್ಲೇ ಒಣಗಿ ಮುಚ್ಚುತ್ತದೆ. ಮುಚ್ಚತೊಡಗಿದರೆ ತೆರೆದ ಜಾಗಕ್ಕೆ ನೀರಿನ ತುಂತುರು ಹಾಯಿಸಿ, ಹಳೇ ಬಟ್ಟೆಯ ಮೇಲೆ ಎರಡು ಅಚ್ಚು ತೆಗೆಯಿರಿ. ಫ್ಯಾನ್ ಮಾತ್ರ ಈ ಹಂತದಲ್ಲಿ ಆರಿಸಿ.

ಇನ್ನು ಅಚ್ಚಿನಲ್ಲಿ ಕಾಣುವ ಬೇರೆ ದೋಷಗಳು. ಗೆರೆಗಳು ಎರಡೆರಡಾಗಿ ಕಂಡರೆ ಬಟ್ಟೆ ಸರಿದಿದೆ ಅಥವಾ ಹಿಂಜ್ ಅಲ್ಲಾಡುತ್ತಿದೆ. ಒಂದೇ ಜಾಗ ಪ್ರತಿ ಸಲ ಖಾಲಿ ಬಿದ್ದರೆ ಹಲಗೆಯಲ್ಲಿ ತಗ್ಗಿದೆ, ಇಲ್ಲವೇ ಅಲ್ಲಿ ಮೆಶ್ ಮುಚ್ಚಿದೆ. ಎಳೆದ ದಿಕ್ಕಿನಲ್ಲಿ ಉದ್ದ ಗೀರು ಬಂದರೆ ಸ್ಕ್ವೀಜಿಯ ಅಂಚು ಮುಕ್ಕಾಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಒತ್ತಡ, ಬಣ್ಣ, ಅಂತರ ಮೂರನ್ನೂ ಒಟ್ಟಿಗೆ ತಿರುಚಿದರೆ ಅಚ್ಚು ಸರಿಹೋದರೂ ಯಾವುದರಿಂದ ಎಂದು ಗೊತ್ತಾಗದು.

## ಹಂತ 9: ಶಾಖ ಕೊಡುವುದು

ಒಣಗಿದ್ದಕ್ಕೂ ಪಕ್ಕಾ ಆದದ್ದಕ್ಕೂ ವ್ಯತ್ಯಾಸವಿದೆ. ಮುಟ್ಟಿದರೆ ಅಂಟದ ಬಣ್ಣ ಮೊದಲ ಒಗೆತಕ್ಕೇ ಹೋಗಬಹುದು. ಮೊದಲು ನೀರಿನಂಶ ಪೂರ್ತಿ ಆರಲಿ, ಒದ್ದೆಯಿದ್ದರೆ ಶಾಖವೆಲ್ಲ ನೀರು ಆರಿಸುವುದಕ್ಕೇ ಖರ್ಚಾಗುತ್ತದೆ. ನಂತರ ಹಬೆ ಆರಿಸಿದ ಇಸ್ತ್ರಿಪೆಟ್ಟಿಗೆಯನ್ನು ಹತ್ತಿ ಬಟ್ಟೆಯ ಶಾಖಕ್ಕಿಟ್ಟು, ಮೇಲೊಂದು ತೆಳು ಬಟ್ಟೆ ಹಾಕಿ, ಪ್ರತಿ ಜಾಗಕ್ಕೂ 3ರಿಂದ 5 ನಿಮಿಷ ಸಿಗುವಂತೆ ಒತ್ತಿ. ಡಬ್ಬಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅದನ್ನೇ ಪಾಲಿಸಿ. ಒಂದು ದಿನ ಬಿಟ್ಟು, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಮತ್ತೆ ಶಾಖ ಕೊಡಿ.

ಪ್ಲಾಸ್ಟಿಸಾಲ್ ಎಂಬ, ನೀರಿಲ್ಲದ ಪ್ಲಾಸ್ಟಿಕ್ ಆಧಾರಿತ ಬಣ್ಣದ ವಿಷಯ ಬೇರೆ. ಅದು ಗಾಳಿಗೆ ಒಣಗುವುದೇ ಇಲ್ಲ, ಪದರದ ತಳದವರೆಗೂ ಸುಮಾರು 160 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಹೇರ್ ಡ್ರೈಯರಿಗೆ ಅದು ಆಗದ ಕೆಲಸ. ಅಡುಗೆಯ ಓವನ್ನಿನಲ್ಲಿ ಬಣ್ಣದ ಬಟ್ಟೆ ಇಡಬೇಡಿ, ಆಮೇಲೆ ಅದು ಅಡುಗೆಗಲ್ಲ.

## ಹಂತ 10: ಸ್ಕ್ರೀನ್ ಶುಚಿ ಮಾಡುವುದು, ಮತ್ತೆ ಬಳಸುವುದು

ಕೊನೆಯ ಅಚ್ಚು ಮುಗಿದ ಕೂಡಲೇ, ಅಚ್ಚು ಹೇಗೆ ಬಂತೆಂದು ನೋಡುತ್ತ ಕೂರುವ ಮುನ್ನವೇ, ಉಳಿದ ಬಣ್ಣವನ್ನು ಡಬ್ಬಿಗೆ ಬಳಿದು ಹಾಕಿ ಸ್ಕ್ರೀನನ್ನು ತಣ್ಣೀರಿನಲ್ಲಿ ತೊಳೆಯಿರಿ. ಮೆಶ್‌ನಲ್ಲಿ ಒಣಗಿದ ನೀರು ಆಧಾರಿತ ಬಣ್ಣ ಆಮೇಲೆ ನೀರಿಗೆ ಜಗ್ಗುವುದಿಲ್ಲ.

ಅದೇ ಚಿತ್ರ ಮತ್ತೆ ಬೇಡವೆಂದಾದರೆ ಎಮಲ್ಷನ್ ತೆಗೆಯಿರಿ. ಕೈಗವಸು, ಕನ್ನಡಕ ಹಾಕಿಕೊಂಡು, ಎಮಲ್ಷನ್ ರಿಮೂವರನ್ನು ಎರಡೂ ಮೈಗೆ ಹಚ್ಚಿ ಉಜ್ಜಿ. ಕೆಲವೇ ನಿಮಿಷದಲ್ಲಿ ಎಮಲ್ಷನ್ ಕರಗತೊಡಗುತ್ತದೆ, ಆಗ ಜೋರು ಧಾರೆಯಿಂದ ತೊಳೆಯಿರಿ. ರಿಮೂವರ್ ಹಚ್ಚಿ ಬೇರೆ ಕೆಲಸಕ್ಕೆ ಹೋಗಬೇಡಿ. ಅದು ಸ್ಕ್ರೀನಿನ ಮೇಲೆ ಒಣಗಿದರೆ ಎಮಲ್ಷನ್ ಶಾಶ್ವತವಾಗಿ ಕಚ್ಚಿಕೊಳ್ಳುತ್ತದೆ, ಮೆಶ್ ಕಿತ್ತು ಹೊಸದು ಬಿಗಿಯುವುದೊಂದೇ ದಾರಿ. ರಿಮೂವರ್ ಬದಲು ಬ್ಲೀಚ್ ಬಳಸುವವರು ಅದಕ್ಕೆ ಆಮ್ಲವನ್ನಾಗಲಿ ಅಮೋನಿಯಾ ಇರುವ ದ್ರವವನ್ನಾಗಲಿ ಬೆರೆಸಬಾರದು, ವಿಷಾನಿಲ ಏಳುತ್ತದೆ.

ಎಲ್ಲ ತೊಳೆದ ಮೇಲೂ ಹಳೇ ಚಿತ್ರದ ನೆರಳು ಮೆಶ್ ಮೇಲೆ ಉಳಿದಿರಬಹುದು. ಬೆಳಕಿಗೆ ಹಿಡಿದು ನೋಡಿ. ಕಣ್ಣುಗಳ ಮೂಲಕ ಬೆಳಕು ಸಲೀಸಾಗಿ ಬರುತ್ತಿದ್ದರೆ ಅದು ಎಳೆಗೆ ಹತ್ತಿದ ಬರೀ ಕಲೆ. ಸ್ಕ್ರೀನ್ ಕೆಲಸಕ್ಕೆ ಬರುತ್ತದೆ, 3ನೇ ಹಂತದಿಂದ ಮತ್ತೆ ಶುರು ಮಾಡಿ.